ಎರಡನೆಯ ಬೀಗದ ಕೈ

ನಮ್ಮ ಯಜಮಾನರಿಗೆ ಈಗ ಎಪ್ಪತ್ತೊಂದು ವರ್ಷ. ಅದರಲ್ಲಿ ನಲವತ್ತಾರು ವರ್ಷ ಬೇರೆಯವರ ಬೀಗಗಳೊಳಗೆ ಇಣುಕುವುದರಲ್ಲೇ ಕಳೆದಿದ್ದಾರೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಒಂದು ಬೀರು ಇಡುವಷ್ಟು ಜಾಗ ಉಳಿದಿತ್ತು. ಅದೇ ಅವರ ಅಂಗಡಿ. ಒಳಗೆ ಒಬ್ಬರು ಕೂತರೆ ಎರಡನೆಯವರು ಹೊರಗೆ ನಿಲ್ಲಬೇಕು. ಗೋಡೆಯ ಮೇಲೆ ಸಾಲಾಗಿ ಮೊಳೆಗಳು, ಮೊಳೆಗಳಿಗೆ ಹಲ್ಲು ಕೊರೆಯದ ಖಾಲಿ ಕೀಗಳು. ಮುಂದೆ ಒಂದು ಮರದ ಮೇಜು, ನಾಲ್ಕು ಅರಗಳು, ಒಂದು ಭೂತಗನ್ನಡಿ. ಸಂಜೆ ಮನೆಗೆ ಬಂದರೆ ಅಂಗಿಯ ತೋಳಿನಿಂದ ಹಿತ್ತಾಳೆಯ ಪುಡಿ ಉದುರುತ್ತದೆ. ಮದುವೆಯಾದ ಹೊಸತರಲ್ಲಿ ಅದು ನೆಲದ ಮೇಲೆ ಹೊಳೆಯುವುದನ್ನು ನೋಡಿ ಖುಷಿಪಟ್ಟಿದ್ದೆ. ಆಮೇಲಿನ ನಲವತ್ತು ವರ್ಷ ಅದನ್ನು ಗುಡಿಸಿದ್ದೇನೆ.

ಅವರ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಬೀಗದ ಒಡೆಯರು ಎದುರಿಗೆ ನಿಂತಿರದೆ ಎರಡನೆಯ ಕೀ ಕೊರೆಯುವುದಿಲ್ಲ. ಗಂಡನ ಮೇಜಿನ ಕೀ ತಂದ ಹೆಂಡತಿಯರನ್ನೂ, ಹೆಂಡತಿಯ ಬೀರುವಿನ ಕೀ ತಂದ ಗಂಡಂದಿರನ್ನೂ ವಾಪಸು ಕಳಿಸಿದ್ದಾರೆ. ನನ್ನನ್ನೂ ಬಿಟ್ಟಿಲ್ಲ. ಒಮ್ಮೆ ಮನೆಯ ಹಳೆಯ ಪೆಟ್ಟಿಗೆಯ ಕೀ ತೆಗೆದುಕೊಂಡು ಹೋದರೆ, “ಆ ಪೆಟ್ಟಿಗೆ ಅಮ್ಮಂದು. ಅಮ್ಮನ್ನ ಕರ್ಕೊಂಡು ಬಾ,” ಅಂದರು. ನಮ್ಮ ಅತ್ತೆಗೆ ಆಗ ಮಂಡಿನೋವು. ಅಷ್ಟು ದೂರ ಅವರನ್ನು ನಡೆಸಿಕೊಂಡು ಹೋಗಿ, ಗಿರಾಕಿಗಳ ಸಾಲಿನಲ್ಲಿ ನಿಲ್ಲಿಸಿ, “ಹೂಂ, ಕೊರೆದುಕೊಡಪ್ಪ,” ಅನ್ನಿಸಿದ ಮೇಲೆಯೇ ಅರ ಕೈಗೆತ್ತಿಕೊಂಡದ್ದು. ಆ ದಿನ ನಾನು ಅವರಿಗೆ ಊಟ ಬಡಿಸಿದೆ, ಮಾತು ಮಾತ್ರ ಬಡಿಸಲಿಲ್ಲ.

ಇಂಥ ಮನುಷ್ಯ ಒಮ್ಮೆ ತನ್ನ ಕಟ್ಟುನಿಟ್ಟನ್ನು ತಾನೇ ಮುರಿದರು. ಮುರಿಯಿರಿ ಎಂದು ಹೇಳಿದವಳು ನಾನು. ಆ ಕಥೆಯನ್ನು ಬೇರೆ ಯಾರೋ ಹೇಳಿ ಕೆಡಿಸುವುದಕ್ಕಿಂತ ನಾನೇ ಹೇಳುವುದು ಮೇಲು.

ನನ್ನದು ಹೊಲಿಗೆ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಮೆಷಿನ್ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತೇನೆ. ಆ ಕಿಟಕಿಯಿಂದ ನಮ್ಮ ಬೀದಿಯ ಕೊನೆಯಲ್ಲಿರುವ ಹಾಲ್ ನೇರವಾಗಿ ಕಾಣುತ್ತದೆ. ಅದು ಬಡಾವಣೆಯ ಸಂಘದ್ದು. ಉದ್ದನೆಯ ಒಂದೇ ಕೋಣೆ, ಮೂರು ಕಿಟಕಿ, ಹೊರಗೆ ಆರು ಮೆಟ್ಟಿಲು. ಒಂಬತ್ತು ವರ್ಷದ ಹಿಂದಿನವರೆಗೂ ಅದು ತೆರೆಯುತ್ತಿದ್ದದ್ದು ವರ್ಷಕ್ಕೆ ಎರಡು ಸಲ, ಸಂಘದ ಸಭೆಗೆ. ಉಳಿದ ದಿನಗಳಲ್ಲಿ ಮೆಟ್ಟಿಲ ಮೇಲೆ ಹದಿನಾಲ್ಕರಿಂದ ಹದಿನೆಂಟರ ಒಳಗಿನ ಹುಡುಗ ಹುಡುಗಿಯರು ಬಂದು ಕೂರುವುದು, ಸಂಘದವರು ಬಂದು ಓಡಿಸುವುದು. ಆ ವಯಸ್ಸಿನವರಿಗೆ ಮನೆಯಲ್ಲಿ ಜಾಗ ಸಾಲದು, ಆಟದ ಮೈದಾನಕ್ಕೆ ಹೋದರೆ ಚಿಕ್ಕ ಮಕ್ಕಳ ತಾಯಂದಿರು ಕೆಕ್ಕರಿಸುತ್ತಾರೆ. ಇನ್ನೆಲ್ಲಿ ಹೋಗಿ ಕೂರಬೇಕು ಅವು.

ಒಂದು ದಿನ ಯಾರೋ ಹಾಲ್‌ನ ಬೀಗದ ಬಾಯಿಗೆ ಅಗಿದ ಗಮ್ ಮೆತ್ತಿಬಿಟ್ಟರು. ಅಧ್ಯಕ್ಷರು ನಮ್ಮವರನ್ನು ಕರೆಸಿದರು. ಈ ಅಧ್ಯಕ್ಷರು ಒಳ್ಳೆಯವರೇ, ಆದರೆ ಸದಾ ಮೂಗಿನ ತುದಿಯಲ್ಲಿ ಕೋಪ. ಯಜಮಾನರು ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ತಂತಿ ಆಡಿಸಿ ಬೀಗ ತೆಗೆದರು.

“ಇನ್ನೂ ದೊಡ್ಡ ಬೀಗ ಹಾಕಿ,” ಅಂದರು ಅಧ್ಯಕ್ಷರು.

“ದೊಡ್ಡದು ಹಾಕಿದ್ರೆ ದೊಡ್ಡ ಗಮ್ ಮೆತ್ತುತ್ತಾರೆ ಸ್ವಾಮಿ. ಕೀ ಅವರ ಕೈಗೇ ಕೊಡಿ. ತಮ್ಮ ಬೀಗಕ್ಕೆ ತಾವೇ ಯಾರು ಗಮ್ ಹಾಕ್ಕೋತಾರೆ?”

ಹದಿನೈದು ದಿನ ವಾದ ನಡೆಯಿತು. ಕೊನೆಗೆ, ಏನಾದರೂ ಹೆಚ್ಚುಕಡಿಮೆಯಾದರೆ ನಿಮ್ಮ ತಲೆಗೆ ಎಂದು ಹೇಳಿ ಅಧ್ಯಕ್ಷರು ಕೈ ತೊಳೆದುಕೊಂಡರು. ಯಜಮಾನರು ತಮ್ಮ ಕೈಯಾರೆ ಒಂದು ಹೊಸ ಬೀಗ ಜೋಡಿಸಿ, ಅದಕ್ಕೆ ಒಂದೇ ಒಂದು ಕೀ ಕೊರೆದು, ಗಮ್ ಮೆತ್ತಿದ ಹುಡುಗನಿಗೇ ಕೊಟ್ಟರು. ಯಾರು ಮೆತ್ತಿದ್ದೆಂದು ಅವರಿಗೆ ಹೇಗೆ ಗೊತ್ತಾಯಿತು ಅಂತೀರಾ, ತಂತಿ ಆಡಿಸುವಾಗ ಎಲ್ಲರೂ ನಗುತ್ತಿದ್ದರಂತೆ, ಅವನೊಬ್ಬ ಬೀಗದ ಕಡೆಗೆ ಅಯ್ಯೋ ಪಾಪ ಎಂಬಂತೆ ನೋಡುತ್ತಿದ್ದನಂತೆ. ಅವನಿಗೆ ಗಮ್ಮು ಎಂಬ ಹೆಸರು ಅಂಟಿತು. ಈಗ ಬಸ್ಸಿನ ಕಂಡಕ್ಟರ್. ಮೀಸೆ ಬಂದಿದೆ. ಆದರೂ ಗಮ್ಮುವೇ.

ಅಂದಿನಿಂದ ಒಂದು ಪದ್ಧತಿ ನಡೆದುಕೊಂಡು ಬಂದಿದೆ. ಗೋಡೆಯ ಮೇಲೆ ಒಂದು ಪಟ್ಟಿ. ಪಟ್ಟಿಯ ಪ್ರಕಾರ ವಾರಕ್ಕೊಬ್ಬರ ಕೈಗೆ ಕೀ. ಆ ವಾರ ಹಾಲ್ ಅವರದು. ಸಂಜೆ ನಾಲ್ಕೂವರೆಗೆ ತೆಗೆಯಬೇಕು, ಏಳಕ್ಕೆ ಮುಚ್ಚಬೇಕು. ಒಳಗೆ ಒಂದು ಟೇಬಲ್ ಟೆನಿಸ್ ಮೇಜು, ಮನೆಮನೆಯಿಂದ ಬಂದ ಪುಸ್ತಕಗಳು, ಓದಿಕೊಳ್ಳುವವರಿಗೆ ಕಿಟಕಿಯ ಪಕ್ಕ ಎರಡು ಬೆಂಚು. ಮಂಗಳವಾರ ಯಜಮಾನರು ಬೀಗ ಬಿಚ್ಚುವುದು ಕಲಿಸುತ್ತಾರೆ, ಶುಕ್ರವಾರ ನಾನು ಹೊಲಿಗೆ. ತಿಂಗಳಿಗೊಮ್ಮೆ ಆಸ್ಪತ್ರೆಯಿಂದ ಒಬ್ಬ ನರ್ಸಮ್ಮ ಬಂದು, ಹೆಸರಿಲ್ಲದ ಚೀಟಿಗಳಲ್ಲಿ ಬರೆದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುತ್ತಾರೆ. ಆ ಚೀಟಿಗಳಲ್ಲಿ ಏನಿರುತ್ತದೆಂದು ನಾನು ಕೇಳಿಲ್ಲ. ಕೇಳಿಸಿಕೊಂಡಿದ್ದೇನೆ, ಅದು ಬೇರೆ.

ಕೀ ಇರುವವರು ತಡ ಮಾಡಿದರೆ ಎಲ್ಲರೂ ಮೆಟ್ಟಿಲ ಮೇಲೆ ಕಾಯಬೇಕು, ಅಷ್ಟೇ. ಒಬ್ಬ ಹುಡುಗ ಕೀಯನ್ನು ಜೇಬಿನಲ್ಲಿಟ್ಟುಕೊಂಡು ಅಜ್ಜಿಯ ಊರಿಗೆ ಹೋಗಿಬಿಟ್ಟಾಗ ಮೂರು ದಿನ ಹಾಲ್ ಮುಚ್ಚಿತ್ತು. ಯಜಮಾನರೂ ದಿನಾ ಹೋಗಿ ಮಕ್ಕಳ ಜೊತೆ ಮೆಟ್ಟಿಲ ಮೇಲೆ ಕೂತು ಬರುತ್ತಿದ್ದರು. “ಕೀ ಒಂದೇ. ಅದು ಬಂದಾಗ ಬಾಗಿಲು,” ಎನ್ನುತ್ತಿದ್ದರು. ಆ ಮಾತು ಹೇಳುವಾಗ ಅವರ ಮುಖದಲ್ಲಿ ಒಂದು ಜಂಬ ಇರುತ್ತಿತ್ತು.

ಇನ್ನು ಆ ಹುಡುಗಿ. ಹದಿನೈದು ವರ್ಷ, ಕಡ್ಡಿಯಂಥ ಕಾಲು, ಮಾತು ಕಡಿಮೆ. ಮಕ್ಕಳು ಅವಳಿಗೆ ಗಡಿಯಾರ ಎಂದು ಹೆಸರಿಟ್ಟಿದ್ದರು, ಯಾಕೆಂದರೆ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವಳಲ್ಲ. ತಡವಾಗಿ ಬರುತ್ತಾಳೆಂದು ಶಾಲೆಯ ಓಟದ ತಂಡದಿಂದ ಅವಳನ್ನು ತೆಗೆದಿದ್ದರು. ಯಾಕೆ ತಡ ಎಂದು ಕೇಳಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ದೊಡ್ಡಮ್ಮನ ಮನೆಯಲ್ಲಿದ್ದಾಳೆ, ನಾಲ್ಕು ವರ್ಷದ ತಮ್ಮ ಇದ್ದಾನೆ, ಇಷ್ಟೇ ನಮಗೆ ಗೊತ್ತಿದ್ದದ್ದು. ಅವಳು ಹಾಲ್‌ಗೆ ಬರತೊಡಗಿದಾಗ ಪಟ್ಟಿಯಲ್ಲಿ ಅವಳ ಸರದಿ ಬರಲು ಹನ್ನೊಂದು ವಾರವಿತ್ತು. ಪ್ರತಿ ದಿನ ಒಳಗೆ ಬಂದವಳೇ ಮೊದಲು ಗೋಡೆಯ ಹತ್ತಿರ ಹೋಗಿ ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸುತ್ತಿದ್ದಳು. ನಾನದನ್ನು ನೋಡಿದ್ದೇನೆ. ನೋಡಿಯೂ ಮುಂದಿನ ಮಾತು ಆಡಿದೆನಲ್ಲ, ಅದಕ್ಕೆ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಅವಳ ವಾರ ಸೋಮವಾರ ಶುರುವಾಗಬೇಕಿತ್ತು. ಅದಕ್ಕೆ ಎರಡು ದಿನ ಮೊದಲು ಅಧ್ಯಕ್ಷರು ಬಂದು ಸುದ್ದಿ ಹೇಳಿದರು. ಹಾಸಿಗೆ ಅಂಗಡಿಯವರೊಬ್ಬರು ಹಾಲನ್ನು ಗೋದಾಮಿಗೆ ಕೇಳುತ್ತಿದ್ದಾರೆ. ನಗರಸಭೆಯ ಅಧಿಕಾರಿಯೊಬ್ಬರು ಬುಧವಾರ ನಾಲ್ಕೂವರೆಗೆ ಬಂದು ನೋಡುತ್ತಾರೆ. ಅವರು ಒಪ್ಪಿದರೆ ಇನ್ನೈದು ವರ್ಷ ಮಕ್ಕಳಿಗೇ, ಇಲ್ಲವಾದರೆ ಗೋದಾಮು.

ಭಾನುವಾರ ಬೆಳಿಗ್ಗೆ ಕಾಜಾ ಹೊಲಿಯುತ್ತ ನಾನೇ ಬಾಯಿ ತೆಗೆದೆ. “ರೀ, ಬುಧವಾರ ಗಡಿಯಾರದ ಕೈಲಿರುತ್ತಲ್ರೀ ಕೀ.”

“ಹೂಂ.”

“ಅವಳು ಬಂದ ಹಾಗೇ. ಅಧಿಕಾರೀನ ಬಿಸಿಲಲ್ಲಿ ನಿಲ್ಲಿಸ್ತೀರಾ? ಮೂವತ್ತು ಮಕ್ಕಳ ಜಾಗ ಕಣ್ರೀ ಅದು. ಒಂದು ಡೂಪ್ಲಿಕೇಟ್ ಮಾಡಿ ಜೇಬಲ್ಲಿಟ್ಕೊಳ್ಳಿ. ಬೇಕಾದ್ರೆ ಉಂಟು, ಬೇಡಾಂದ್ರೆ ಇಲ್ಲ. ಯಾರಿಗೆ ಗೊತ್ತಾಗುತ್ತೆ?”

ಅವರು ಎದ್ದು ಅಂಗಡಿಗೆ ಹೋಗಿ ಅರವನ್ನೂ ಒಂದು ಖಾಲಿ ಕೀಯನ್ನೂ ತಂದರು. ಮಧ್ಯಾಹ್ನ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿಕೊಂಡು ಕೂತರು. ಎದುರಿಗೆ ಮೂಲ ಕೀ ಇರಲಿಲ್ಲ, ಅದು ಹಿಂದಿನ ವಾರದ ಹುಡುಗನ ಹತ್ತಿರ ಇತ್ತು. ಬೇಕಾಗಿಯೂ ಇರಲಿಲ್ಲ. ತಾವೇ ಜೋಡಿಸಿದ ಬೀಗ, ಅದರ ಕೀಯ ಐದು ಹಲ್ಲುಗಳ ಎತ್ತರ ತಗ್ಗು ಅವರಿಗೆ ಬಾಯಿಪಾಠ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಪೇಪರನ್ನು ಮಡಚಿ, ಒಂದು ಚೂರು ಪುಡಿಯೂ ನೆಲಕ್ಕೆ ಬೀಳದಂತೆ ಎತ್ತಿ ಬಿಸಾಡಿದರು. ನಲವತ್ತು ವರ್ಷದಲ್ಲಿ ಅವರು ತಮ್ಮ ಪುಡಿಯನ್ನು ತಾವೇ ತೆಗೆದದ್ದು ಅದೊಂದೇ ಸಲ. ಆಗಲೇ ನನಗೆ ಅರ್ಥವಾಗಬೇಕಿತ್ತು.

ಸೋಮವಾರ ನಾಲ್ಕಕ್ಕೆ ಕಿಟಕಿಯಿಂದ ನೋಡುತ್ತೇನೆ, ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಾಳೆ. ತಮ್ಮನೂ ಪಕ್ಕದಲ್ಲಿದ್ದಾನೆ. ಕೀಯನ್ನು ಒಂದು ಶೂಲೇಸಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಲೇಸು ತನ್ನ ಶೂವಿನದೇ. ಎಡಗಾಲಿನ ಶೂ ಬಾಯಿ ಬಿಟ್ಟುಕೊಂಡಿತ್ತು. ನಾಲ್ಕೂವರೆ ಆಗುವವರೆಗೂ ಬೀಗ ಮುಟ್ಟಲಿಲ್ಲ, ಆಗುತ್ತಲೇ ಎದ್ದು ತೆಗೆದಳು. ಮಂಗಳವಾರವೂ ಹಾಗೇ. ನಾನು ಒಳಗೊಳಗೇ, ಪರವಾಗಿಲ್ಲ ಈ ಹುಡುಗಿ, ಅಂದುಕೊಂಡೆ. ಆದರೆ ಜೇಬಿನಲ್ಲಿರುವುದನ್ನು ತೆಗೆದು ಬಿಸಾಡಿ ಎಂದು ಯಜಮಾನರಿಗೆ ಹೇಳಲಿಲ್ಲ.

ಬುಧವಾರ ಅಧಿಕಾರಿ ನಾಲ್ಕೂ ಇಪ್ಪತ್ತೈದಕ್ಕೇ ಬಂದರು. ಹಾಗೆ ಹೊತ್ತಿಗೆ ಮುಂಚೆ ಬರುವ ಅಧಿಕಾರಿ ನಮ್ಮ ಪಾಲಿಗೇ ಸಿಗಬೇಕೇ. ನಾನು ಚಹಾದ ಫ್ಲಾಸ್ಕ್ ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದೆ. ನಾಲ್ಕೂವರೆಯಾಯಿತು. ಹುಡುಗಿ ಇಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು, ಅಧ್ಯಕ್ಷರು ಯಜಮಾನರನ್ನು ನೋಡಿದರು, ಯಜಮಾನರು ಬೀದಿಯ ತಿರುವನ್ನು ನೋಡಿದರು. ಮಕ್ಕಳು ಸುಮ್ಮನೆ ಕಾಯುತ್ತಿದ್ದವು, ಅವಕ್ಕೆ ಅಭ್ಯಾಸ.

“ನನಗೆ ಐದಕ್ಕೆ ಇನ್ನೊಂದು ಕಡೆ ಹೋಗೋದಿದೆ,” ಅಂದರು ಅಧಿಕಾರಿ.

ನಾಲ್ಕೂ ಮೂವತ್ತೆಂಟಕ್ಕೆ ಯಜಮಾನರ ಕೈ ಜೇಬಿಗೆ ಹೋಯಿತು.

ಅಧಿಕಾರಿ ಒಳಗೆ ಹೋಗಿ ನೋಡಿದರು, ಚೆನ್ನಾಗಿದೆ ಅಂದರು, ಚಹಾ ಕುಡಿದು ಹೊರಟರು. ಅವರ ಕಾರು ತಿರುವು ದಾಟುತ್ತಿದ್ದಂತೆ ಆ ಕಡೆಯಿಂದ ಹುಡುಗಿ ಓಡಿಬಂದಳು. ಸೊಂಟದ ಮೇಲೆ ತಮ್ಮ, ಎಡಗಾಲಿನ ಶೂ ಹೆಜ್ಜೆ ಹೆಜ್ಜೆಗೂ ಕಳಚುತ್ತಿತ್ತು, ಬಲಗೈಯಲ್ಲಿ ಕೀ ಮುಂದಕ್ಕೆ ಚಾಚಿ ಹಿಡಿದಿದ್ದಳು. ಮೆಟ್ಟಿಲ ಹತ್ತಿರ ಬಂದು ತಲೆಯೆತ್ತಿದಳು. ಬಾಗಿಲು ತೆರೆದಿತ್ತು. ಬೀಗ ಚಿಲಕಕ್ಕೆ ಜೋತಾಡುತ್ತಿತ್ತು.

“ಬೀಗ ಯಾರು ತೆಗೆದ್ರು?”

“ನಾನು,” ಅಂದರು ಯಜಮಾನರು.

“ಯಾವುದ್ರಲ್ಲಿ?”

ಅವರು ಅಂಗೈ ತೆರೆದು ತೋರಿಸಿದರು. ಹೊಸ ಹಿತ್ತಾಳೆ, ಬಿಸಿಲಿಗೆ ಥಳಥಳ ಅನ್ನುತ್ತಿತ್ತು.

“ಇದನ್ನ ಯಾವಾಗ ಮಾಡಿದ್ರಿ ಅಜ್ಜ?”

ಈಗಷ್ಟೇ ಮಾಡಿದೆ ಎನ್ನಲಿ, ಒಂದು ಸುಳ್ಳು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸುಳ್ಳು ಹೇಳುವುದರಲ್ಲಿ ಅವರದು ಸೋತ ಕೈ.

“ಭಾನುವಾರ.”

“ಭಾನುವಾರ ನನಗಿನ್ನೂ ಕೀನೇ ಕೊಟ್ಟಿರ್ಲಿಲ್ಲ,” ಅಂದಳು.

ಆಮೇಲೆ ತಮ್ಮನನ್ನು ಕೆಳಗಿಳಿಸಿ, ಕೊರಳಿನ ಲೇಸು ತೆಗೆದು, ಗಂಟು ಬಿಚ್ಚಿ, ಕೀಯನ್ನು ಯಜಮಾನರ ಅಂಗೈಯಲ್ಲಿ ಇನ್ನೊಂದರ ಪಕ್ಕದಲ್ಲಿಟ್ಟಳು. ಮೆಟ್ಟಿಲ ಮೇಲೆ ಕೂತು ಲೇಸನ್ನು ಮತ್ತೆ ಶೂವಿಗೆ ಪೋಣಿಸಿದಳು, ಒಂದೊಂದೇ ತೂತಿಗೆ, ಎಲ್ಲರೂ ನೋಡುತ್ತಿದ್ದಂತೆ. ಗಂಟು ಹಾಕಿದಳು. ತಮ್ಮನನ್ನು ಎತ್ತಿಕೊಂಡು ಹೊರಟುಹೋದಳು. ಅಳಲಿಲ್ಲ. ಅತ್ತಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ಆ ಸಂಜೆ ಗಮ್ಮು ಡ್ಯೂಟಿ ಮಧ್ಯೆ ಯೂನಿಫಾರಂನಲ್ಲೇ ನಮ್ಮ ಮನೆಗೆ ಬಂದ. ಸುದ್ದಿ ಅವನ ಬಸ್ಸಿನವರೆಗೂ ಹೋಗಿತ್ತು. ಕೂರು ಅಂದರೆ ಕೂರಲಿಲ್ಲ. “ಅಜ್ಜ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ವಾರದಲ್ಲೂ ನಿಮ್ಮ ಜೇಬಲ್ಲಿ ಇನ್ನೊಂದಿತ್ತಾ?”

“ಇರಲಿಲ್ಲ ಕಣೋ.”

“ಸರಿ ಬಿಡಿ,” ಅಂದ. ಆದರೂ ಹೊಸ್ತಿಲಲ್ಲಿ ಒಂದು ಕ್ಷಣ ನಿಂತೇ ಹೋದ.

ಯಜಮಾನರು ತಟ್ಟೆ ಮುಂದೆ ಕೂತು ತುತ್ತು ಎತ್ತಲಿಲ್ಲ. “ಅವನು ನಂಬಿದ ಕಣೇ,” ಅಂದರು. “ಆದ್ರೆ ಕೇಳಬೇಕು ಅಂತ ಅನ್ನಿಸ್ತಲ್ಲ ಅವನಿಗೆ. ಒಂಬತ್ತು ವರ್ಷದಲ್ಲಿ ಎಷ್ಟು ಮಕ್ಕಳ ಕೈಗೆ ಕೊಟ್ಟಿದ್ದೀನೋ, ಎಲ್ಲರೂ ಇವತ್ತು ಇದನ್ನೇ ಕೇಳ್ಕೋತಿರ್ತಾರೆ.”

ಗುರುವಾರ ಮಕ್ಕಳು ಬಂದಾಗ ಹಾಲ್ ಮುಚ್ಚಿತ್ತು. ಯಜಮಾನರು ಮೆಟ್ಟಿಲ ಮೇಲೆ ಕೂತಿದ್ದರು. “ಶನಿವಾರದವರೆಗೂ ಈ ವಾರ ಅವಳದು. ಅವಳು ಬಂದು ತೆಗೆದ್ರೆ ಉಂಟು,” ಅಂದರು. ಅಧ್ಯಕ್ಷರಿಗೆ ಪಿತ್ತ ನೆತ್ತಿಗೇರಿತು. “ಎರಡೆರಡು ಕೀ ಜೇಬಲ್ಲಿಟ್ಕೊಂಡು ಮಕ್ಕಳನ್ನ ಬೀದೀಲಿ ಕೂರಿಸಿದ್ದೀರಲ್ರೀ,” ಎಂದು ಕೂಗಾಡಿದರು. “ಎರಡೂ ನನ್ನವಲ್ಲ ಸ್ವಾಮಿ,” ಅಂದರು ಇವರು.

ಅವತ್ತೇ ಸಂಜೆ ಆರಕ್ಕೆ ನಾವಿಬ್ಬರೂ ಅವಳ ಮನೆಗೆ ಹೋದೆವು. ಮೂರನೆಯ ಮಹಡಿ, ಎರಡು ಕೋಣೆ, ನಡುವೆ ಒಂದು ಪರದೆ. ದೊಡ್ಡಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವರು. ಆಗತಾನೇ ಬಂದು ಕಾಲು ಚಾಚಿ ಕೂತಿದ್ದರು. ತಡದ ಗುಟ್ಟು ಅವರ ಬಾಯಿಂದ ತಿಳಿಯಿತು. ತಮ್ಮನನ್ನು ಶಿಶುವಿಹಾರದಿಂದ ಕರೆದುಕೊಂಡು ಬರುವುದು ಈ ಹುಡುಗಿಯ ಪಾಲಿನ ಕೆಲಸ. ಅವನನ್ನು ಮನೆಗೆ ತಂದು, ತಿನ್ನಿಸಿ, ಪಕ್ಕದ ಮನೆಯವರಿಗೆ ಒಪ್ಪಿಸಿ ಬರುವಷ್ಟರಲ್ಲಿ ದಿನಾ ತಡ. ಕೀ ಸಿಕ್ಕ ವಾರ ಮನೆಗೆ ಹೋಗದೆ ನೇರವಾಗಿ ಅವನನ್ನು ಎತ್ತಿಕೊಂಡೇ ಬರುತ್ತಿದ್ದಳು. ಬುಧವಾರ ಅಲ್ಲಿ ಹೊಸಬಳೊಬ್ಬಳು ಇದ್ದಳಂತೆ. ದೊಡ್ಡವರು ಬಾರದೆ ಮಗುವನ್ನು ಕೊಡುವುದಿಲ್ಲ ಎಂದು ಹಟ ಹಿಡಿದು, ದೊಡ್ಡಮ್ಮನಿಗೆ ಫೋನ್ ಮಾಡಿದಳಂತೆ. ಬಟ್ಟೆ ಮೆಷಿನ್ನುಗಳ ಸದ್ದಿನಲ್ಲಿ ಇವರಿಗೆ ಕೇಳಿಸಿದ್ದು ಐದನೆಯ ಸಲಕ್ಕೆ.

“ಅವನು ಹದಿನೆಂಟು ಕೆಜಿ ಇದ್ದಾನೆ ಅಜ್ಜಿ,” ಅಂದರು ದೊಡ್ಡಮ್ಮ. “ಅಲ್ಲಿಂದ ಓಡಿದ್ದಾಳೆ.”

ಯಜಮಾನರು ಪರದೆಯ ಕಡೆ ತಿರುಗಿ, “ತಪ್ಪಾಯ್ತಮ್ಮ,” ಅಂದರು. “ಆ ಕೀನ ನಿನ್ನ ಎದುರಿಗೇ ಮುರಿದು ಹಾಕ್ತೀನಿ. ತಂದಿದ್ದೀನಿ.”

ಪರದೆಯ ಹಿಂದಿನಿಂದ ಹುಡುಗಿಯ ಮಾತು ಮೆಲ್ಲಗೆ ಬಂತು. “ಮುರಿದ್ರೇನು ಅಜ್ಜ. ನೋಡ್ದೇನೇ ಮಾಡಿದ್ರಲ್ಲ ಅದನ್ನ. ಇನ್ನೊಂದು ನಿಮ್ಮ ತಲೇಲೇ ಇದೆ.”

ಯಜಮಾನರು ಕೀಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ಎದ್ದರು. ಮೆಟ್ಟಿಲಿಳಿಯುವಾಗ ಎರಡನೆಯ ಮಹಡಿಯಲ್ಲಿ ಕೂತುಬಿಟ್ಟರು. ಮಂಡಿನೋವೇ ಎಂದು ಕೇಳಿದೆ. “ಅಲ್ಲ ಕಣೇ. ಅವಳು ಹೇಳಿದ್ದು ಸರಿ. ಕಣ್ಣು ಮುಚ್ಚಿದ್ರೂ ಆ ಐದು ಹಲ್ಲು ಕಾಣ್ತವೆ ನನಗೆ. ಮರೀತೀನಿ ಅಂದ್ರೂ ಆಗಲ್ಲ.” ನಾನು ಅವರ ಪಕ್ಕದಲ್ಲಿ ಕೂತೆ. ಮೇಲೆ ಹೋಗುವವರು ಬರುವವರು ನಮ್ಮನ್ನು ದಾಟಿಕೊಂಡು ಹೋದರು.

ಶುಕ್ರವಾರ ಅವರು ಒಂದು ಉಪಾಯ ಮಾಡಿ, ದೊಡ್ಡಮ್ಮನ ಕೈಯಲ್ಲಿ ಹೇಳಿಕಳಿಸಿದರು. ಹಾಲ್‌ನ ಬೀಗದ ಒಳಗನ್ನು ಬದಲಾಯಿಸಬೇಕು, ಅದು ಹೇಗೆ ಬದಲಾಯಿತೆಂದು ತಮಗೇ ಗೊತ್ತಾಗಬಾರದು, ಆದ್ದರಿಂದ ಬೇರೆಯವರು ಮಾಡಬೇಕು, ಶನಿವಾರ ಹನ್ನೊಂದಕ್ಕೆ ಬರುತ್ತೀಯಾ ಎಂದು.

ಶನಿವಾರ ಹನ್ನೊಂದಕ್ಕೆ ಅವಳು ಬಂದಳು. ಸರಿಯಾಗಿ ಹನ್ನೊಂದಕ್ಕೆ. ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ತಮ್ಮನಿಗೆ ನಾನು ಗುಂಡಿಗಳ ಡಬ್ಬಿ ಕೊಟ್ಟು ಕೂರಿಸಿದೆ.

ಊಟದ ಮೇಜಿನ ಮೇಲೆ ಯಜಮಾನರು ಹಾಲ್‌ನ ಬೀಗವನ್ನು ಬಿಚ್ಚಿಟ್ಟಿದ್ದರು. ಅದರ ಹೊಟ್ಟೆಯಲ್ಲಿ ಐದು ಸಣ್ಣ ಹಿತ್ತಾಳೆ ಕಡ್ಡಿಗಳು, ಒಂದೊಂದರ ತಲೆಯ ಮೇಲೂ ಒಂದು ಸ್ಪ್ರಿಂಗು. ಕೀಯ ಹಲ್ಲುಗಳು ಆ ಕಡ್ಡಿಗಳನ್ನು ಸರಿಯಾದ ಮಟ್ಟಕ್ಕೆ ಎತ್ತಿದರೆ ಬೀಗ ತಿರುಗುತ್ತದೆ. ಕಡ್ಡಿಗಳ ಉದ್ದ ಬದಲಾಯಿಸಿದರೆ ಹಳೆಯ ಕೀ ಕೆಲಸಕ್ಕೆ ಬಾರದು. ಬೇರೊಂದು ಹಳೆಯ ಬೀಗದ ಮೇಲೆ ಎರಡು ಸಲ ಮಾಡಿ ತೋರಿಸಿದರು. ಅವಳು ಕಣ್ಣು ಮಿಟುಕಿಸದೆ ನೋಡಿದಳು.

“ಇಷ್ಟೆಲ್ಲ ಮಾಡಿದ್ರೂ ನೀವು ತಂತಿ ಹಾಕಿ ತೆಗೀಬಹುದು,” ಅಂದಳು.

“ತೆಗೀಬಹುದು. ಅದಕ್ಕೆ ಅರ್ಧ ಗಂಟೆ ಬೇಕು, ಕನ್ನಡಕ ಬೇಕು, ಬೀದಿಯವರೆಲ್ಲ ನಿಂತು ನೋಡ್ತಾರೆ. ಜೇಬಿಂದ ಮೆಲ್ಲಗೆ ತೆಗೆಯೋ ಹಾಗಿಲ್ಲ.”

ಅವಳ ತುಟಿಯ ಒಂದು ಮೂಲೆ ಸ್ವಲ್ಪ ಅಲುಗಾಡಿತು. ನಗು ಎನ್ನುವಷ್ಟಲ್ಲ.

ಯಜಮಾನರು ನಾನಾ ಉದ್ದದ ಕಡ್ಡಿಗಳ ಡಬ್ಬಿ, ನಾಲ್ಕು ಖಾಲಿ ಕೀ, ತಮ್ಮ ಒಳ್ಳೆಯ ಅರ ಎಲ್ಲವನ್ನೂ ಅವಳ ಮುಂದಿಟ್ಟರು. ಆ ಅರವನ್ನು ನಲವತ್ತು ವರ್ಷದಲ್ಲಿ ನಾನು ಕೂಡ ಮುಟ್ಟಿಲ್ಲ. ಆಮೇಲೆ ಕುರ್ಚಿಯನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತರು.

ಅರ ಆಡತೊಡಗಿತು. ಎರಡು ನಿಮಿಷವೂ ಆಗಿರಲಿಲ್ಲ, ಗೋಡೆಯ ಕಡೆಯಿಂದ ದನಿ ಬಂತು. “ಎರಡನೇ ಹಲ್ಲು ಜಾಸ್ತಿ ಆಳ ಹೋಯ್ತು ನೋಡು.”

ಅರ ನಿಂತಿತು. “ಕೇಳಿಸುತ್ತಾ ನಿಮಗೆ?” ಅಂದಳು ಹುಡುಗಿ.

“ಹಾಳು ಕಿವಿ,” ಎಂದು ಯಜಮಾನರು ತಲೆ ತಗ್ಗಿಸಿದರು. ಎಷ್ಟು ಸಲ ಉಜ್ಜಿದರು, ಎಷ್ಟು ಒತ್ತಿದರು ಎಂಬುದನ್ನು ಕೇಳಿಯೇ ಆಳ ಹೇಳಬಲ್ಲರು. ಹುಡುಗಿ ಆ ಕೀಯನ್ನು ಪಕ್ಕಕ್ಕೆ ಎಸೆದು ಇನ್ನೊಂದನ್ನು ತೆಗೆದುಕೊಂಡಳು. ನಾನು ಹತ್ತಿ ತಂದು ಅವರ ಎರಡೂ ಕಿವಿಗೆ ತುರುಕಿದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೈಯೆತ್ತಿದರು. “ಇವಳೇ, ಇನ್ನೂ ಕೇಳಿಸ್ತಿದೆ. ಮೆಷಿನ್ ತುಳಿ.”

ನಾನು ಹೋಗಿ ಮೆಷಿನ್ ಮುಂದೆ ಕೂತು ತುಳಿಯತೊಡಗಿದೆ. ಬಟ್ಟೆಯಿಲ್ಲ, ದಾರವಿಲ್ಲ, ಸೂಜಿಯೂ ಇಲ್ಲ. ಸುಮ್ಮನೆ ಚಕ್ರ ತಿರುಗುತ್ತಿತ್ತು. ಅತ್ತ ಗೋಡೆ ನೋಡುತ್ತ ಕೂತ ಮುದುಕ, ಇತ್ತ ಮೇಜಿಗೆ ಬಾಗಿ ಹಲ್ಲು ಕಚ್ಚಿ ಉಜ್ಜುವ ಹುಡುಗಿ, ನಡುವೆ ಗುಂಡಿ ಎಣಿಸುವ ಮಗು. ನನಗೆ ತಡೆಯಲಾಗಲಿಲ್ಲ. “ಆ ಕೀ ಮಾಡಿ ಅಂತ ಅವರಿಗೆ ಹೇಳಿದ್ದು ನಾನು ಕಣಮ್ಮ,” ಅಂದೆ.

“ಏನಂದ್ರಿ ಅಜ್ಜಿ?”

ಸದ್ದಿನಲ್ಲಿ ಕೇಳಿಸಿರಲಿಲ್ಲ. ಮೆಷಿನ್ ನಿಲ್ಲಿಸಿ, ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು. ತಪ್ಪನ್ನು ಒಂದು ಸಲ ಒಪ್ಪಿಕೊಳ್ಳುವುದೇ ಕಷ್ಟ.

ಅವಳು ಕೀಯ ಮೇಲಿನ ಪುಡಿಯನ್ನು ಊದಿದಳು. “ನನಗೂ ನನ್ನ ಮೇಲೆ ನಂಬಿಕೆ ಇರ್ಲಿಲ್ಲ ಅಜ್ಜಿ. ಅಜ್ಜನಿಗಾದ್ರೂ ಇದೆ ಅಂದ್ಕೊಂಡಿದ್ದೆ. ಅದಕ್ಕೇ ಅಷ್ಟು ಬೇಜಾರಾಗಿದ್ದು.” ಆಮೇಲೆ, “ಮೆಷಿನ್ ನಿಲ್ಲಿಸ್ಬೇಡಿ,” ಅಂದಳು.

ನಾನು ತುಳಿದೆ. ಕಣ್ಣು ಮಂಜಾಗಿತ್ತು, ಆದರೆ ಹೊಲಿಯಲು ಏನೂ ಇರಲಿಲ್ಲವಲ್ಲ, ತೊಂದರೆಯಾಗಲಿಲ್ಲ.

ಒಂದೂಕಾಲು ಗಂಟೆ ಹಿಡಿಯಿತು. ಮೂರು ಕೀ ಹಾಳಾದವು. ನಾಲ್ಕನೆಯದು ತಿರುಗಿತು, ಅದೂ ಸಲೀಸಾಗಿ ಅಲ್ಲ. ಕೀಯನ್ನು ಒಳಗೆ ಹಾಕಿ, ಕೂದಲೆಳೆಯಷ್ಟು ಹಿಂದಕ್ಕೆಳೆದು, ಮೇಲಕ್ಕೆ ಒತ್ತಿ ತಿರುಗಿಸಿದರೆ ಮಾತ್ರ. ಇದನ್ನು ನನಗೆ ತೋರಿಸಿದಳು, ಯಜಮಾನರಿಗೆ ತೋರಿಸಲಿಲ್ಲ. ಬೀಗ ಹಾಕಿದ ಮೇಲೆ ಅವರ ಭುಜ ತಟ್ಟಿದೆ. ಅವರು ತಿರುಗಿ, ಹಳೆಯ ಎರಡು ಕೀಗಳನ್ನೂ ಒಂದೊಂದಾಗಿ ಹಾಕಿ ನೋಡಿದರು. ಎರಡೂ ಮಿಸುಕಲಿಲ್ಲ. ನಾಲ್ಕು ದಿನಗಳ ಮೇಲೆ ಮೊದಲ ಸಲ ನಕ್ಕರು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ.

ಕೀಯನ್ನು ಕೊರಳಿಗೆ ಹಾಕಿಕೊಳ್ಳಲು ನಾನು ಸಮವಸ್ತ್ರದ ನೀಲಿ ಚೂರುಗಳಿಂದ ಒಂದು ಪಟ್ಟಿ ಹೊಲಿದುಕೊಟ್ಟೆ. ಶೂವಿನ ಲೇಸು ಶೂವಿನಲ್ಲೇ ಇರಲಿ ಎಂದು.

ಮುಂದಿನ ವಾರ ಪಟ್ಟಿಯ ಪ್ರಕಾರ ಒಬ್ಬ ಉದ್ದನೆಯ ಹುಡುಗನದು. ಅವನೂ ತಿಂಗಳುಗಟ್ಟಲೆ ಕಾದವನೇ. “ಅವಳ ವಾರ ಅರ್ಧಕ್ಕೇ ನಿಂತೋಯ್ತು. ಪೂರ್ತಿ ಕೊಟ್ಬಿಡಿ, ನಾನು ಆಮೇಲೆ,” ಅಂದ, ಕಹಿ ಔಷಧಿ ಕುಡಿದ ಮುಖ ಮಾಡಿಕೊಂಡು. ಸೋಮವಾರ, ಮಂಗಳವಾರ ಬಾಗಿಲು ನಾಲ್ಕೂವರೆಗೆ ತೆರೆಯಿತು.

ಬುಧವಾರ ಅಧ್ಯಕ್ಷರು ನಗರಸಭೆಯ ಪತ್ರ ಹಿಡಿದುಕೊಂಡು ಬಂದರು. ಹಾಲ್ ಮಕ್ಕಳಿಗೇ ಸಿಕ್ಕಿತ್ತು. ಒಳಗೆ ಎಲ್ಲರೆದುರು ಓದಬೇಕೆಂದು ಅವರಿಗೆ ಆಸೆ. ಆದರೆ ನಾಲ್ಕೂವರೆಯಾದರೂ ಹುಡುಗಿ ಇಲ್ಲ. ಮುಕ್ಕಾಲಾಯಿತು. ಬಿಸಿಲು ಮೆಟ್ಟಿಲ ಮೇಲೇ ಬಿದ್ದಿತ್ತು.

“ತೆಗೀರಿ ಸ್ವಾಮಿ ಬಾಗಿಲು,” ಅಂದರು ಅಧ್ಯಕ್ಷರು. “ನನಗೆ ಗೊತ್ತಿಲ್ವೇ ನಿಮ್ಮ ಕೈಚಳಕ.”

ಯಜಮಾನರು ಎದ್ದು ನಿಂತು ಎರಡೂ ಜೇಬುಗಳನ್ನು ಹೊರಕ್ಕೆ ಎಳೆದು ತೋರಿಸಿದರು. ಒಂದು ಕರವಸ್ತ್ರ, ಕನ್ನಡಕದ ಡಬ್ಬಿ, ಒಂದು ಹತ್ತಿಯ ಉಂಡೆ. “ನನ್ನ ಹತ್ರ ಇಲ್ಲ ಸ್ವಾಮಿ. ಎಲ್ಲೂ ಇಲ್ಲ.” ಹಾಗೆನ್ನುವಾಗ ಅವರ ಮುಖ ಅರಳಿತ್ತು. ಮಕ್ಕಳು ಅವರ ಬರಿಜೇಬುಗಳನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕೂತಲ್ಲೇ ಇನ್ನಷ್ಟು ಆರಾಮಾಗಿ ಕೂತರು. ಅಧ್ಯಕ್ಷರು ಗೊಣಗುತ್ತ ಕರವಸ್ತ್ರ ಹಾಸಿ ಮೂರನೆಯ ಮೆಟ್ಟಿಲ ಮೇಲೆ ಕೂತರು.

ಐದಕ್ಕೆ ಒಂಬತ್ತು ನಿಮಿಷವಿದ್ದಾಗ ಅವಳು ತಿರುವಿನಲ್ಲಿ ಕಾಣಿಸಿದಳು. ಓಡುತ್ತಿದ್ದಳು, ನಿದ್ದೆ ಹೋದ ತಮ್ಮ ಹೆಗಲ ಮೇಲೆ. ದೂರದಿಂದಲೇ ಬಾಗಿಲು ನೋಡಿದಳು. ಮುಚ್ಚಿತ್ತು. ಮೂವತ್ತು ಜನ ಬಿಸಿಲಲ್ಲಿ ಕೂತಿದ್ದರು. ಅವಳು ಓಡುವುದನ್ನು ನಿಲ್ಲಿಸಿ, ಬೀದಿಯ ಮಧ್ಯೆ ನಿಂತು ನೋಡಿದಳು. ಮುಚ್ಚಿದ ಬಾಗಿಲನ್ನು ಕಂಡು ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ. ಆಮೇಲೆ ಅವಸರವಿಲ್ಲದೆ ನಡೆದುಬಂದಳು.

ಯಾರೂ ಏನೂ ಕೇಳಲಿಲ್ಲ. ಅವಳು ತಮ್ಮನನ್ನು ಅಧ್ಯಕ್ಷರ ತೊಡೆಯ ಮೇಲೆ ಮಲಗಿಸಿ, ಮೆಟ್ಟಿಲು ಹತ್ತಿ, ಕೊರಳಿನ ನೀಲಿ ಪಟ್ಟಿಯಿಂದ ಕೀ ತೆಗೆದು ಬೀಗಕ್ಕೆ ಹಾಕಿದಳು. ಯಜಮಾನರು ಅವಳ ಪಕ್ಕದಲ್ಲೇ ಇದ್ದರು. ಅವಳು ಕೀಯನ್ನು ಹಿಂದಕ್ಕೆಳೆದು ಮೇಲಕ್ಕೆ ಒತ್ತುವ ಹೊತ್ತಿಗೆ ಅವರು ಕಿವಿಗೆ ಹತ್ತಿ ತುರುಕಿಕೊಂಡು, ಮುಖವನ್ನು ಬೀದಿಯ ಕಡೆಗೆ ತಿರುಗಿಸಿಕೊಂಡಿದ್ದರು.